ಅಚ್ಚುಕಟ್ಟಾದ ನೋಟ್‌ಬುಕ್ಕುಗಳು

ಆ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದದ್ದು ನನ್ನ ಕೈಬರಹ ಚೆನ್ನಾಗಿದೆ ಎಂಬ ಕಾರಣಕ್ಕೆ.

ಕಾಚಿಗೂಡ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ಜೂನ್ ತಿಂಗಳಲ್ಲಿ ಟೀಚರಾಗಿ ಸೇರಿದ್ದೆ. ಈಗ ಹೇಳುತ್ತಿರುವುದು ಮುಂದಿನ ಫೆಬ್ರುವರಿಯ ಮಾತು. ಶಾಲೆಗೆ ನಾವು ಮೂವರು. ಹೆಡ್‌ಮೇಡಂ ಆಫೀಸಿನ ಕೆಲಸ ಮತ್ತು ಮಧ್ಯಾಹ್ನದ ಊಟದ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಕಲಿಸುತ್ತಿದ್ದವರು ನಮ್ಮ ಹಿರಿಯ ಟೀಚರ್. ನಾಲ್ಕು ಮತ್ತು ಐದು ನನ್ನವು.

ಹಿರಿಯ ಟೀಚರ್ ಮನೆಯವರು ಅವರ ಅಜ್ಜನ ಕಾಲದಲ್ಲೇ ಕಲಬುರಗಿ ಕಡೆಯಿಂದ ಬಂದವರು. ಹೆಡ್‌ಮೇಡಂ ಜೊತೆ ತೆಲುಗು, ಮಕ್ಕಳ ಜೊತೆ ಯಾವ ಮಗುವಿಗೆ ಯಾವುದು ಬರುತ್ತದೋ ಅದು, ನನ್ನ ಜೊತೆ ಕನ್ನಡ. ನನ್ನ ಮನೆಯಲ್ಲೂ ಅದೇ ಕಡೆಯ ಕನ್ನಡ. ಹಾಗಿದ್ದರೂ ನಾವಿಬ್ಬರು ಹತ್ತಿರದವರಾಗಿರಲಿಲ್ಲ. ಅವರಿಗೆ ಮಾತು ಬೇಕು. ನನಗೆ ಅಷ್ಟಾಗಿ ಬೇಡ.

ಆ ಫೆಬ್ರುವರಿಯ ಮೊದಲ ವಾರ ಶಿಕ್ಷಣ ಇಲಾಖೆಯಿಂದ ಇಬ್ಬರು ಬಂದು ನನ್ನ ನಾಲ್ಕನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ವರಾಂಡಕ್ಕೆ ಕರೆದು, ಎರಡನೇ ತರಗತಿಯ ಮಟ್ಟದ ಒಂದು ತೆಲುಗು ಪ್ಯಾರಾ ಓದಿಸಿದರು. ಇಪ್ಪತ್ತೊಂದು ಮಕ್ಕಳಲ್ಲಿ ನಾಲ್ವರು ಓದಿದರು. ಕೆಲವರು ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಅರ್ಧಕ್ಕೆ ನಿಂತರು. ಉಳಿದವರು ಕಾಗದವನ್ನೂ ನೆಲವನ್ನೂ ನೋಡುತ್ತ ನಿಂತರು. ಮುಂದಿನ ವಾರ ಫಲಿತಾಂಶದ ಪಟ್ಟಿ ಹೆಡ್‌ಮೇಡಂ ಫೋನಿಗೆ ಬಂತು. ನಮ್ಮ ಶಾಲೆಯ ಸಾಲಿಗೆ ಕೆಂಪು ಬಣ್ಣ ಹಾಕಿದ್ದರು. ಅದರ ಜೊತೆಗೊಂದು ಮೆಮೊ: ಈ ಸ್ಥಿತಿಗೆ ಕಾರಣವೇನು, ಹೊಣೆ ಯಾವ ಶಿಕ್ಷಕರದು, ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ಕೊಡಬೇಕು.

ಹೆಡ್‌ಮೇಡಂ ನನ್ನನ್ನು ಕರೆದು ತೆಲುಗಿನಲ್ಲಿ ಹೇಳಿದರು. "ನೋಡಮ್ಮಾ, ಅವರಿಗೆ ಒಂದು ಹೆಸರು ಬೇಕು. ನೀನು ಯೂನಿವರ್ಸಿಟಿ ತನಕ ಓದಿದವಳು. ಅಕ್ಷರ ಮುತ್ತಿನ ಹಾಗಿದೆ. ಡ್ರಾಫ್ಟ್ ಮಾಡು, ನಾನು ಸೈನ್ ಹಾಕ್ತೀನಿ."

"ಯಾರ ಹೆಸರು, ಮೇಡಂ?"

"ಅದನ್ನೂ ನಾನೇ ಹೇಳಬೇಕಾ?" ಎಂದು ಅವರು ಹಿರಿಯ ಟೀಚರ್ ಕೋಣೆಯ ಕಡೆ ಒಮ್ಮೆ ನೋಡಿ ಊಟದ ಮೊಟ್ಟೆಗಳ ಲೆಕ್ಕಕ್ಕೆ ಹೋದರು.

ಹೆಸರು ಬಂದರೆ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತಿತ್ತು. ಅದಕ್ಕೆ 'ಹೊಂದಾಣಿಕೆ' ಎನ್ನುತ್ತಾರೆ. ಹೋದ ವರ್ಷ ಪಕ್ಕದ ಶಾಲೆಯ ಒಬ್ಬರನ್ನು ಹೀಗೇ ಹೊಂದಿಸಿ ಊರಾಚೆ, ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ ಶಾಲೆಗೆ ಕಳಿಸಿದ್ದರು. ಹಿರಿಯ ಟೀಚರ್ ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಅವರ ಮನೆ ಶಾಲೆಯ ಹಿಂದಿನ ಗಲ್ಲಿಯಲ್ಲೇ. ಗಂಡನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿತ್ತು. ಮಧ್ಯಾಹ್ನ ಮನೆಗೆ ಹೋಗಿ ಅವರಿಗೆ ಉಣಿಸಿ, ಮಾತ್ರೆ ಕೊಟ್ಟು, ಮಗ್ಗಲು ಬದಲಿಸಿ ಬರುತ್ತಿದ್ದರು. ದೂರದ ಶಾಲೆಗೆ ಹಾಕಿದರೆ ಆ ಉಣಿಸುವುದು ನಿಲ್ಲುತ್ತದೆ. ಬೇರೆ ಯಾರೂ ಇರಲಿಲ್ಲ.

ಇದು ಗೊತ್ತಿದ್ದೂ ತಪ್ಪು ಅವರದೇ ಎಂದು ನಾನು ನಂಬಿದ್ದೆ. ಅನುಕಂಪವನ್ನೂ ಸತ್ಯವನ್ನೂ ಬೆರೆಸಬಾರದು ಎಂಬುದು ನನ್ನ ನಿಲುವು. ಈಗಲೂ ಅದೇ ನಿಲುವು. ಅವರು ಊಟದ ಗಂಟೆಗೆ ಹತ್ತು ನಿಮಿಷ ಮೊದಲೇ ಹೊರಡುತ್ತಿದ್ದರು, ತರಗತಿಯ ಗಂಟೆ ಹೊಡೆದು ಹತ್ತು ನಿಮಿಷಕ್ಕೆ ಬರುತ್ತಿದ್ದರು. ಅವರ ಕೋಣೆಯಲ್ಲಿ ಯಾವಾಗಲೂ ಗಲಾಟೆ. ಮಕ್ಕಳು ಬೆಂಚಿನಲ್ಲಿ ಕೂರುವುದು ಬಿಟ್ಟು ಅವರ ಮೇಜಿನ ಸುತ್ತ ನಿಂತು ಮನೆಯ ಸುದ್ದಿ ಹೇಳುತ್ತಿದ್ದರು. ನಮ್ಮ ಎರಡು ಕೋಣೆಗಳ ನಡುವೆ ಒಂದು ಬಾಗಿಲಿದೆ. ಸೇರಿದ ಎರಡನೇ ವಾರವೇ ನಾನು ಅದನ್ನು ಮುಚ್ಚಿಸಿದ್ದೆ.

ಶಾಲೆಗಳಲ್ಲಿ ತಪ್ಪು ಕೆಳಗಿಳಿಯುವ ಒಂದು ದಾರಿ ಇದೆ. ಹೈಸ್ಕೂಲಿನವರು ಪ್ರೈಮರಿಯತ್ತ ಕೈ ತೋರಿಸುತ್ತಾರೆ. ಐದನೇ ತರಗತಿ ನಾಲ್ಕನ್ನು, ನಾಲ್ಕು ಮೂರನ್ನು, ಒಂದನೇ ತರಗತಿ ಅಂಗನವಾಡಿಯನ್ನು, ಅಂಗನವಾಡಿ ತಾಯಿಯನ್ನು. ತಾಯಿಗೆ ಕೈ ತೋರಿಸಲು ಯಾರೂ ಇಲ್ಲ. ಅಷ್ಟು ಹೊತ್ತಿಗೆ ಅವಳು ಕಟ್ಟಡದ ಕೆಲಸಕ್ಕೆ ಹೋಗಿರುತ್ತಾಳೆ. ನಾನು ಆ ದಾರಿಯನ್ನು ಹೊಸದಾಗಿ ಮಾಡಿದವಳಲ್ಲ. ಅದರಲ್ಲಿ ಒಂದು ಮೆಟ್ಟಿಲು ಕೆಳಗಿಳಿಯುವುದು ನನಗೆ ಸಹಜವಾಗಿತ್ತು, ಅಷ್ಟೆ.

ನಮ್ಮ ಮನೆ ಲಿಂಗಂಪಲ್ಲಿಯಲ್ಲಿ. ಅಪ್ಪ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ಇದ್ದಾರೆ. ಆ ಸಂಜೆ ಲೋಕಲ್ ರೈಲಿನಲ್ಲಿ ಡ್ರಾಫ್ಟಿನ ಮೊದಲ ಸಾಲುಗಳನ್ನು ಯೋಚಿಸುತ್ತ ಬಂದೆ. ಮನೆಯಲ್ಲಿ ಮೆಮೊ ವಿಷಯ ಹೇಳಿದ್ದೇ ತಡ, ಅಪ್ಪ ತೀರ್ಪು ಕೊಟ್ಟರು.

"ಮಾಸ್ತರ ಕೈಯಾಗ ಛಡಿ ಇಲ್ಲ, ಅದಕ್ಕ ಹಿಂಗ ಆಗೈತಿ. ನಾವೂ ಸರ್ಕಾರಿ ಸಾಲ್ಯಾಗ ಕಲ್ತವರ. ಹೊಡೆತ ತಿಂದ ಕಲ್ತೀವಿ."

"ಹೊಡದ್ರೂ ನಿಮಗ ಭಾಗಾಕಾರ ಬರಂಗಿಲ್ಲಲ್ಲ," ಎಂದರು ಅಮ್ಮ, ಚಪಾತಿ ಲಟ್ಟಿಸುವುದನ್ನು ನಿಲ್ಲಿಸದೆ.

"ನಾ ಮಷೀನ್ ನೋಡಾಂವ. ಭಾಗಾಕಾರ ತಗೊಂಡ ಏನ್ ಮಾಡ್ಲಿ?" ಎಂದು ಅಪ್ಪ ನನ್ನ ಕಡೆ ತಿರುಗಿದರು. "ನೀ ತಲಿ ಕೆಡಿಸ್ಕೋಬ್ಯಾಡ. ಆ ಮುದುಕಿ ಹೆಸರು ಬರದ ಕೈ ತೊಳ್ಕೋ. ಈಗಷ್ಟ ನೌಕರಿ ಹತ್ತೈತಿ ನಿನಗ."

ಮಾರನೆಯ ದಿನ ಡ್ರಾಫ್ಟ್ ಸಿದ್ಧವಾಯಿತು. ಅದು ಒಳ್ಳೆಯ ಡ್ರಾಫ್ಟ್ ಆಗಿತ್ತು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮಕ್ಕಳು ಮೂರನೇ ತರಗತಿಯಿಂದ ಬರುವಾಗಲೇ ಓದಿನ ತಳಪಾಯವಿಲ್ಲದೆ ಬಂದಿದ್ದಾರೆ, ಕೆಳಗಿನ ತರಗತಿಗಳಲ್ಲಿ ಲಿಖಿತ ಅಭ್ಯಾಸ ಅಸಮರ್ಪಕ, ತರಗತಿಯ ಸಮಯ ಪಾಲನೆ ಆಗಿಲ್ಲ. ಒಂದೊಂದು ಮಾತೂ ನಾನು ಕಣ್ಣಾರೆ ಕಂಡದ್ದೇ. ಆಧಾರಕ್ಕೆ ನೋಟ್‌ಬುಕ್ಕುಗಳನ್ನು ಲಗತ್ತಿಸೋಣ ಎಂದುಕೊಂಡೆ. ಹಳೆಯ ನೋಟ್‌ಬುಕ್ಕುಗಳು ಆಫೀಸಿನ ಕಪಾಟಿನಲ್ಲಿ ಕಟ್ಟು ಕಟ್ಟಾಗಿ ಇದ್ದವು. ನನ್ನ ತರಗತಿಯ ಒಬ್ಬ ಹುಡುಗಿಯದು ಎರಡೂ ಸಿಕ್ಕಿತು: ಹೋದ ವರ್ಷ ಹಿರಿಯ ಟೀಚರ್ ಬಳಿ ಬರೆದದ್ದು, ಈ ವರ್ಷ ನನ್ನ ಬಳಿ ಬರೆದದ್ದು.

ಮೇಜಿನ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟೆ. ಮೂರನೇ ತರಗತಿಯದು ಅರ್ಧ ಖಾಲಿ. ಚಿತ್ತು, ಒತ್ತಿ ಬರೆದು ಹರಿದ ಜಾಗ, ಗೆರೆ ಬಿಟ್ಟು ಓಡುವ ಸಾಲು. ಪುಟಕ್ಕೆ ಎರಡೋ ಮೂರೋ ವಾಕ್ಯ. ಅದರಲ್ಲೂ ತಪ್ಪು, ಟೀಚರ್ ತಿದ್ದಿದ್ದು ಒಂದೇ ಒಂದು. ನನ್ನ ಬಳಿ ಬರೆದದ್ದು ಭರ್ತಿಯಾಗಿತ್ತು. ಮಾರ್ಜಿನ್, ದಿನಾಂಕ, ಪಾಠದ ಹೆಸರಿನ ಕೆಳಗೆ ಎರಡು ಗೆರೆ, ಪ್ರಶ್ನೆ ನೀಲಿಯಲ್ಲಿ, ಉತ್ತರ ಕಪ್ಪಿನಲ್ಲಿ, ಪ್ರತಿ ಪುಟಕ್ಕೂ ನನ್ನ ಕೆಂಪು ಗುರುತು. ನವೆಂಬರಿನಲ್ಲಿ ತಪಾಸಣೆಗೆ ಬಂದ ಅಧಿಕಾರಿ ಇವೇ ನೋಟ್‌ಬುಕ್ಕುಗಳನ್ನು ತಿರುವಿ ಹಾಕಿ, "ಶಹಬ್ಬಾಸ್, ಪ್ರೈವೇಟ್ ಸ್ಕೂಲಿನ ಹಾಗಿದೆ," ಎಂದಿದ್ದರು. ಇದಕ್ಕಿಂತ ಆಧಾರ ಬೇರೆ ಬೇಕೆ ಎಂದುಕೊಂಡೆ.

ಒಂದು ವಿಷಯ ಮಾತ್ರ ಉಳಿದಿತ್ತು. ಲಗತ್ತಿಸುವ ಮೊದಲು ಆ ಹುಡುಗಿಯನ್ನು ಕೇಳಬೇಕು. ಪುಸ್ತಕ ಅವಳದು. ಅವಳ ತಂದೆ ತಾಯಿ ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಅವಳಿಗೆ ನನ್ನ ಕನ್ನಡ ತಿಳಿಯುತ್ತಿತ್ತು. ಬಂದು ನಿಂತಳು. ಸುಮ್ಮನೆ, ಯಾವ ಉದ್ದೇಶವೂ ಇಲ್ಲದೆ, ಈ ವರ್ಷದ ನೋಟ್‌ಬುಕ್ಕಿನ ಒಂದು ಪುಟ ತೆರೆದು, "ಇದನ್ನ ಓದು ನೋಡೋಣ," ಎಂದೆ. ಎರಡು ವಾರದ ಹಿಂದೆ ಅವಳೇ ಬರೆದದ್ದು.

ಅವಳು ಪುಟವನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಟೀಚರ್‌ರಿ, ಇದು ಬರಿಯೂದ್ರಿ. ಓದೂದಲ್ಲ."

ಅವಳು ತಾನಾಗಿ ಪಕ್ಕದಲ್ಲಿದ್ದ ಹಳೆಯ ನೋಟ್‌ಬುಕ್ಕನ್ನು ಎಳೆದುಕೊಂಡಳು. "ಇದು ಓದೂದು," ಎಂದು ಬೆರಳಿಟ್ಟು ತೆಲುಗಿನಲ್ಲಿ ಓದಿದಳು. ತಡವರಿಸುತ್ತ ಓದಿದಳು, ಆದರೆ ಓದಿದಳು. ಅವಳ ಅವ್ವ ನಾಲ್ಕನೇ ಮಾಳಿಗೆಗೆ ಇಟ್ಟಿಗೆ ಹೊರುತ್ತಾಳೆ, ಅಲ್ಲಿ ಕುಡಿಯುವ ನೀರಿಲ್ಲ, ಇವಳು ಬಾಟಲಿ ಒಯ್ದು ಕೊಟ್ಟಳು. ಅಷ್ಟೇ ಇತ್ತು ಆ ಪುಟದಲ್ಲಿ. ಹಿರಿಯ ಟೀಚರ್ ಮೇಜಿನ ಸುತ್ತ ನಿಂತು ಹೇಳುತ್ತಿದ್ದ ಮನೆಯ ಸುದ್ದಿಯೇ ಅದು. ಓದಿ ಮುಗಿಸಿ, "ಮುಂದಿಂದೂ ಓದ್ಲೇನ್ರಿ?" ಎಂದಳು.

ಆ ದಿನ ಮಧ್ಯಾಹ್ನದೊಳಗೆ ನಾಲ್ಕನೇ ತರಗತಿಯ ಅಷ್ಟೂ ಮಕ್ಕಳ ಕೈಗೆ ಅವರವರದೇ ನೋಟ್‌ಬುಕ್ ಕೊಟ್ಟು ಓದಿಸಿದೆ. ಆ ನಾಲ್ವರು ಓದಿದರು. ಉಳಿದವರು ತಮ್ಮ ಸ್ವಂತ ಅಕ್ಷರದ ಮುಂದೆ, ವರಾಂಡದಲ್ಲಿ ನಿಂತ ಹಾಗೆಯೇ ನಿಂತರು. ಕಪಾಟಿನಲ್ಲಿ ಸಿಕ್ಕಷ್ಟು ಹಳೆಯ ನೋಟ್‌ಬುಕ್ಕುಗಳನ್ನೂ ಕೊಟ್ಟು ನೋಡಿದೆ. ಅವುಗಳಲ್ಲಿ ಒಂದೆರಡು ಸಾಲನ್ನಾದರೂ ಬಹುಪಾಲು ಮಕ್ಕಳು ಓದಿದರು. ಕೆಲವರು ನಕ್ಕರು, ಹಳೆಯ ಸುದ್ದಿ ನೆನಪಾಗಿ.

ಎಂಟು ತಿಂಗಳಲ್ಲಿ ನಾನು ಏನು ಮಾಡಿದ್ದೆ ಎಂದು ಯೋಚಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಪಠ್ಯಪುಸ್ತಕದಲ್ಲಿ ಒಂದು ಪುಟ ತೆಲುಗು, ಎದುರು ಪುಟ ಅದೇ ಪಾಠ ಇಂಗ್ಲಿಷಿನಲ್ಲಿ. ಎರಡೂ ಮಕ್ಕಳಿಗೆ ಕಷ್ಟ ಎಂದು ನಾನು ಪಾಠವನ್ನು ಬಾಯಲ್ಲಿ ಹೇಳಿ, ಪ್ರಶ್ನೋತ್ತರವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅವರು ನೋಡಿ ಇಳಿಸಿಕೊಳ್ಳುತ್ತಿದ್ದರು. ಚಿತ್ರ ನೋಡಿ ಚಿತ್ರ ಬಿಡಿಸುವ ಹಾಗೆ. ತಪ್ಪಿಲ್ಲದ ಪುಟಕ್ಕೆ ನನ್ನ ಕೆಂಪು ಗುರುತು. ತಪ್ಪು ಮಾಡಬೇಕೆಂದರೆ ತಾವೇ ಏನಾದರೂ ಬರೆಯಬೇಕಲ್ಲ, ಅದಕ್ಕೆ ನಾನು ಅವಕಾಶವನ್ನೇ ಕೊಟ್ಟಿರಲಿಲ್ಲ. ತಪಾಸಣೆಯವರು ನೋಟ್‌ಬುಕ್ ನೋಡುತ್ತಾರೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನನ್ನದೇ: ನನಗೆ ಚೊಕ್ಕಟವಾದದ್ದು ಇಷ್ಟ. ಮಕ್ಕಳಿಗೆ ಬರುತ್ತಿದ್ದ ಅಷ್ಟಿಷ್ಟು ಓದೂ ನನ್ನ ಕೋಣೆಯಲ್ಲಿ ಹೋಗಿತ್ತು.

ಹಳೆಯ ಡ್ರಾಫ್ಟನ್ನು ಹರಿದು ಹೊಸದು ಬರೆದೆ. ನಾಲ್ಕು ವಾಕ್ಯ. ಮಕ್ಕಳು ಮೂರನೇ ತರಗತಿಯಿಂದ ಬರುವಾಗ ಸ್ವಲ್ಪ ಓದುತ್ತಿದ್ದರು. ನಾಲ್ಕನೇ ತರಗತಿಯಲ್ಲಿ ಅವರಿಂದ ಬೋರ್ಡಿನ ಬರಹವನ್ನು ನಕಲು ಮಾಡಿಸಲಾಗಿದೆ, ಓದಿಸಲಾಗಿಲ್ಲ. ಹೊಣೆ ನಾಲ್ಕನೇ ತರಗತಿಯ ಶಿಕ್ಷಕಿಯಾದ ನನ್ನದು. ಎರಡೂ ವರ್ಷದ ನೋಟ್‌ಬುಕ್ಕುಗಳನ್ನು ಲಗತ್ತಿಸಿದೆ.

ಹೆಡ್‌ಮೇಡಂ ಓದಿ ಕನ್ನಡಕ ತೆಗೆದಿಟ್ಟರು. "ಏಂಟಮ್ಮಾ ಇದು? ಇಂಥದ್ದನ್ನು ಯಾರಾದರೂ ತಮ್ಮ ಕೈಯಾರೆ ಬರೀತಾರಾ? ನೀನು ಪ್ರೊಬೇಷನ್‌ನಲ್ಲಿದ್ದೀಯ."

"ಇದು ಸರಿಯಾಗಿದೆ ಮೇಡಂ."

"ಸರಿ ಇದೆಯೋ ಇಲ್ಲವೋ ಯಾರು ಕೇಳಿದರು? ನಡೆಯೋ ಹಾಗೆ ಬರಿ ಅಂದೆ. ಇದಕ್ಕೆ ನಾನು ಸೈನ್ ಹಾಕಲ್ಲ."

"ನಾನು ಹಾಕ್ತೀನಿ. ನೀವು ಕವರಿಂಗ್ ಲೆಟರ್‌ಗೆ ಹಾಕಿದರೆ ಸಾಕು."

ಅಷ್ಟರಲ್ಲಿ ಹಿರಿಯ ಟೀಚರ್ ಹಾಜರಿ ಪುಸ್ತಕ ಇಡಲು ಒಳಗೆ ಬಂದರು. ಹೆಡ್‌ಮೇಡಂ ಕಾಗದವನ್ನು ಅವರ ಕೈಗೆ ಕೊಟ್ಟು, "ನಿಮ್ಮ ಭಾಷೆಯಲ್ಲಿ ನೀವೇ ಬುದ್ಧಿ ಹೇಳಿ," ಎಂದು ಅಡುಗೆಯವಳನ್ನು ನೋಡಲು ಹೋದರು. ಟೀಚರ್ ನಿಂತೇ ಓದಿದರು. ಎರಡು ಸಲ ಓದಿದರು. ಅವರ ಹೆಸರು ಇರಬಹುದೆಂದು ಹುಡುಕುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು.

"ಮೂರು ದಿನ ಆತು, ನೀ ನನ್ನ ಮಾರಿ ನೋಡಿ ಮಾತಾಡಿದ್ದಿಲ್ಲ," ಎಂದರು. "ನಂದ ಹೆಸರು ಬರಿಯಾಕತ್ತಿ ಅಂತ ತಿಳ್ಕೊಂಡಿದ್ದೆ."

"ಬರದಿದ್ದೆ ಟೀಚರ್. ನಿನ್ನೆ. ಆಮ್ಯಾಲ ಹರದ ಹಾಕಿದೆ."

ನಾನು ಹೀಗೆ ಹೇಳಬೇಕಾಗಿರಲಿಲ್ಲ. ಆದರೆ ಅವರು ಕೇಳಿದ್ದಕ್ಕೆ ಅದೇ ಉತ್ತರ. ಅವರು ಕುರ್ಚಿ ಎಳೆದುಕೊಂಡು ಕೂತರು.

"ಅದೂ ಸುಳ್ಳ ಇತ್ತು, ಇದೂ ಪೂರಾ ಖರೆ ಇಲ್ಲ," ಎಂದರು. "ನೀ ಕಾಪಿ ಯಾಕ ಹೊಡಿಸಿದಿ? ನಿನಗೇನ ಹುಚ್ಚ ಹಿಡದಿತ್ತೇನ? ಅವರು ಬಂದ ನೋಡೂದ ಅದನ್ನ. ನನ್ನ ಮಕ್ಕಳ ಬುಕ್ಕಿಗೆ ಹೋದ ವರ್ಷ ಏನ್ ಬರದ ಹೋದ್ರು ಗೊತ್ತೈತಿ? 'ಅಪೂರ್ಣ'. ನಿನ್ನ ಬುಕ್ಕಿಗೆ ಶಹಬ್ಬಾಸ್. ತಪ್ಪೆಲ್ಲಾ ನೀನ ಹೊತ್ಕೊಂಡ ಕುಂತರ, ಅವರು ಮುಂದಿನ ಸಾಲ್ಯಾಗ ಮತ್ತೊಬ್ಬಾಕಿಗೆ ಶಹಬ್ಬಾಸ್ ಅಂತಾರ."

"ಅದನ್ನ ಹೆಂಗ ಬರಿಲಿ?"

"ನನಗೇನ ಗೊತ್ತು. ಮುತ್ತಿನಂಥಾ ಅಕ್ಷರ ನಿಂದಲ್ಲಾ?"

ತಪಾಸಣೆಗೆಂದು ಶಿಕ್ಷಕರೇ ತುಂಬಿಡಬೇಕಾದ ನಮೂನೆಯ ಪ್ರತಿ ಕಡತದಲ್ಲೇ ಇತ್ತು. ತೆಗೆದು ಓದಿದೆ. ನೋಟ್‌ಬುಕ್ ಪೂರ್ಣವಾಗಿದೆಯೇ, ದಿನಾಂಕ ಹಾಕಿದೆಯೇ, ಶಿಕ್ಷಕರು ತಿದ್ದಿದ್ದಾರೆಯೇ, ಅಕ್ಷರ ಶುದ್ಧವಾಗಿದೆಯೇ. ಮಗು ಓದುತ್ತದೆಯೇ ಎಂದು ಕೇಳುವ ಕಾಲಂ ಅದರಲ್ಲಿ ಒಂದೂ ಇರಲಿಲ್ಲ. ಎಂಟು ತಿಂಗಳಲ್ಲಿ ನಾನು ಆ ನಮೂನೆಯನ್ನು ಹಲವು ಸಲ ತುಂಬಿದ್ದೆ. ಇದು ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ಎರಡನೇ ಪುಟದಲ್ಲಿ ಅದನ್ನು ಬರೆದೆ, ನಮೂನೆಯ ಪ್ರತಿಯನ್ನೂ ಜೊತೆಗಿಟ್ಟೆ. ಹೆಡ್‌ಮೇಡಂ ಗೊಣಗುತ್ತ ಕವರಿಂಗ್ ಲೆಟರ್‌ಗೆ ಸೈನ್ ಹಾಕಿದರು. "ನನ್ನನ್ನು ಕೇಳಿದರೆ ನಾನು ಓದಿರಲಿಲ್ಲ ಅಂತೀನಿ," ಎಂದರು. ಮುಂದೆ ಹಾಗೆ ಹೇಳಿಯೂ ಇರಬಹುದು.

ಸರ್ಕಾರಿ ಶಾಲೆ ಕೆಟ್ಟರೆ ಹೊಣೆ ಯಾರದು ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ರೈಲಿನಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಕೇಳುತ್ತಾರೆ. ಎಲ್ಲರದೂ ಸ್ವಲ್ಪ ಸ್ವಲ್ಪ ಎಂದು ಅವರೇ ಉತ್ತರವನ್ನೂ ಹೇಳಿ ಮುಗಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಎಲ್ಲರದೂ ಎಂದರೆ ಯಾರೂ ನಾಳೆ ಬೆಳಿಗ್ಗೆ ಏನನ್ನೂ ಬದಲಿಸಬೇಕಾಗಿಲ್ಲ. ಒಂದು ಕೋಣೆ, ಒಂದು ವರ್ಷ, ಒಂದು ಮಗು ಎಂದು ಹಿಡಿದು ನೋಡಿದರೆ ಉತ್ತರ ಸಿಗುತ್ತದೆ. ನಮ್ಮ ಶಾಲೆಯ ನಾಲ್ಕನೇ ತರಗತಿಯ ಮಟ್ಟಿಗೆ ಅದು ನಾನು, ಆಮೇಲೆ ನನ್ನಿಂದ ಅದನ್ನು ಬಯಸಿದ ನಮೂನೆ, ಇದೇ ಕ್ರಮದಲ್ಲಿ. ಬೇರೆ ಶಾಲೆಗಳ ಬಗ್ಗೆ ನನಗೆ ಗೊತ್ತಿಲ್ಲ. ಅಲ್ಲಿಯೂ ಯಾರಾದರೂ ಮಗುವಿನ ಕೈಗೆ ಅದರದೇ ನೋಟ್‌ಬುಕ್ ಕೊಟ್ಟು ಓದಿಸಿದರೆ ಅರ್ಧ ದಿನದಲ್ಲಿ ಗೊತ್ತಾಗುತ್ತದೆ.

ಮೂರು ವಾರಕ್ಕೆ ಉತ್ತರ ಬಂತು. ಹಿರಿಯ ಟೀಚರ್ ಹೆಸರು ಎಲ್ಲೂ ಇರಲಿಲ್ಲ. ನನಗೆ ಎಚ್ಚರಿಕೆ, ಅದು ಸೇವಾ ಪುಸ್ತಕದಲ್ಲಿ ದಾಖಲು, ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ. ಎರಡನೇ ಪುಟದ ಬಗ್ಗೆ ಒಂದು ಮಾತೂ ಇರಲಿಲ್ಲ. ಸಂಜೆ ಅಪ್ಪನಿಗೆ ಅದನ್ನು ತೋರಿಸಿದೆ. ಮುಚ್ಚಿಡುವುದು ನನಗೆ ಬರುವುದಿಲ್ಲ.

"ಮೂವತ್ತು ವರ್ಷದಾಗ ನಾ ಒಂದು ಮೆಮೊ ತಗೊಂಡಿಲ್ಲ," ಎಂದರು ಅಪ್ಪ. "ನೀ ವರ್ಷ ತುಂಬೂದ್ರಾಗ ತಗೊಂಡಿ. ಅದೂ ಬೇಡಿ ತಗೊಂಡಿ."

ಅಮ್ಮ ಏನಾದರೂ ತಮಾಷೆ ಮಾಡುತ್ತಾರೆ ಎಂದುಕೊಂಡೆ. ಮಾಡಲಿಲ್ಲ. ಅಪ್ಪ ತಟ್ಟೆಯನ್ನು ಬೇರೆ ಕೋಣೆಗೆ ಒಯ್ದು ಉಂಡರು. ಮಾರನೆಯ ಬೆಳಿಗ್ಗೆ ನನ್ನ ಟಿಫಿನ್ ಡಬ್ಬಿಯನ್ನು ಬಾಗಿಲ ಬಳಿ ಇಟ್ಟು, ನಾನು ಬರುವ ಮೊದಲೇ ಹೊರಗೆ ಹೋಗಿದ್ದರು.

ಶಾಲೆಯಲ್ಲಿ ನಾನು ಎರಡು ಕೆಲಸ ಮಾಡಿದೆ. ನಕಲು ನಿಲ್ಲಿಸಿದೆ. ನನ್ನ ಮಕ್ಕಳ ನೋಟ್‌ಬುಕ್ಕುಗಳು ಒಂದೇ ವಾರದಲ್ಲಿ ಕೊಳಕಾದವು. ಅದನ್ನು ನೋಡಿ ಸುಮ್ಮನಿರಲು ನಾನು ನಿಜವಾಗಿಯೂ ಕಷ್ಟಪಟ್ಟೆ. ಇನ್ನೊಂದು, ಹಿರಿಯ ಟೀಚರ್ ಮಧ್ಯಾಹ್ನ ಮನೆಗೆ ಹೋಗುವಾಗ ಮೊದಲಿನ ಹತ್ತು ನಿಮಿಷ, ಕೊನೆಯ ಹತ್ತು ನಿಮಿಷ ಅವರ ಕೋಣೆಯನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ. ನಡುವಿನ ಬಾಗಿಲು ತೆರೆದಿಟ್ಟರೆ ನನ್ನ ಮಕ್ಕಳೂ ಕಣ್ಣಿಗೆ ಕಾಣುತ್ತಿದ್ದರು.

"ನನ್ನ ಮಕ್ಕಳು ನಿನ್ನ ಮಕ್ಕಳಂಗ ಸುಮ್ಮ ಕುಂಡ್ರಂಗಿಲ್ಲ ಮತ್ತ," ಎಂದು ಎಚ್ಚರಿಸಿ ಅವರು ಚಪ್ಪಲಿ ಮೆಟ್ಟಿದರು.

ಮೊದಲ ದಿನ ನಾನು ಅವರ ಹಾಗೆಯೇ ಮಾಡಲು ಸೀಮೆಸುಣ್ಣ ಹಿಡಿದು, "ಯಾರ ಮನೆಯಲ್ಲಿ ಏನಾಯ್ತು, ಹೇಳಿ," ಎಂದೆ. ಯಾರೂ ಹೇಳಲಿಲ್ಲ. ಮುಂದೆ ನಿಂತಿದ್ದ ಒಂದನೇ ತರಗತಿಯ ಹುಡುಗಿಯೊಬ್ಬಳು ನನಗೆ ಕ್ರಮ ತಿಳಿಸಿಕೊಟ್ಟಳು. "ಹಂಗಲ್ರಿ. ಮದ್ಲ ಟೀಚರ್ ಹೇಳ್ಬೇಕು. ಆಮ್ಯಾಲ ನಾವು."

ಮನೆಯ ವಿಷಯವನ್ನು ನಾನು ಗೆಳತಿಯರಿಗೂ ಹೇಳುವವಳಲ್ಲ. ಮೂರು ತರಗತಿಯ ಮಕ್ಕಳು ಕಾಯುತ್ತಿದ್ದರು. ತೆಲುಗಿನಲ್ಲಿ, ದೊಡ್ಡ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆದೆ: ನಮ್ಮ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಅವರು ಓದಿದರು. ಮೂರನೇ ತರಗತಿಯವರು ಮೊದಲು, ಅವರ ಹಿಂದೆ ಎರಡನೆಯವರು, ಕೊನೆಗೆ ಎಲ್ಲರೂ ಸೇರಿ ಗಟ್ಟಿಯಾಗಿ. ಊಟದ ಗಂಟೆ ಹೊಡೆಯಿತು; ಮಕ್ಕಳು ಉಂಡು ಬಂದ ಮೇಲೆ ಅದೇ ಸಾಲನ್ನು ಮತ್ತೆ ಓದಿಸುತ್ತಿದ್ದೆ. ಹಿರಿಯ ಟೀಚರ್ ಬಂದು ಬಾಗಿಲಲ್ಲಿ ನಿಂತಿದ್ದು ನನಗೆ ಗೊತ್ತಾಗಲಿಲ್ಲ. ಗಂಡನಿಗೆ ಉಣಿಸಿದ ಖಾಲಿ ಡಬ್ಬಿ ಇನ್ನೂ ಕೈಯಲ್ಲೇ ಇತ್ತು, ಮನೆಯಲ್ಲಿ ಇಡುವುದನ್ನು ಮರೆತು ಬಂದಿದ್ದರು. ಬೋರ್ಡನ್ನು ಅವರೂ ಓದಿಕೊಂಡರು.

"ಎಷ್ಟ ದಿನಾತು?"

"ನಾಕು ದಿನ."

"ಅವರು ಉಂಡ್ರು," ಎಂದರು, ಗಂಡನ ವಿಷಯ. "ಇವತ್ತ ಒಂದ ಚಪಾತಿ ಜಾಸ್ತಿ ಉಂಡ್ರು." ಡಬ್ಬಿಯನ್ನು ಕಿಟಕಿಯಲ್ಲಿಟ್ಟು ನನ್ನ ಕೈಯಿಂದ ಸೀಮೆಸುಣ್ಣ ಇಸಿದುಕೊಂಡರು. ನನ್ನ ಸಾಲನ್ನು ಒರೆಸಲಿಲ್ಲ. ಅದರ ಕೆಳಗೆ ಮುಂದಿನ ಮಗುವಿನ ಸುದ್ದಿಯನ್ನು ಬರೆಯತೊಡಗಿದರು. ಅವನ ಮನೆಯ ಬೆಕ್ಕು ಮೂರು ಮರಿ ಹಾಕಿತ್ತು.